ಮನೆಗೊಂದು ಕೆಲಸ

ರಾಮಲಿಂಗಯ್ಯ ಹುಟ್ಟಿದಾಗಿನಿಂದ ಇಸ್ತ್ರಿ ಮಾಡಿದವನಲ್ಲ. ಅಂದು ಬೆಳಿಗ್ಗೆ ಮಾತ್ರ ಚೊಂಬಿಗೆ ಕೆಂಡ ತುಂಬಿಕೊಂಡು ಮಗ ಅಶ್ವಥನ ಅಂಗಿಯನ್ನು ತಾನೇ ಉಜ್ಜುತ್ತಿದ್ದ. ಬಿಡದಿ ಪಕ್ಕ ಏಳುತ್ತಿದ್ದ ಕಾರ್ಖಾನೆಗೆ ಜಮೀನು ಕೊಟ್ಟವರಿಗೆ ಮನೆಗೊಂದು ಕೆಲಸವೆಂದು ಮಾತಾಗಿತ್ತು. ಹೆಸರು ಬರೆದುಕೊಳ್ಳಲು ಕಂಪನಿಯವರು ಆ ದಿನ ಊರ ಶಾಲೆಗೆ ಬರುವವರಿದ್ದರು.

ಹಿರಿಮಗಳು ಶ್ವೇತ ರಾಮನಗರದಲ್ಲಿ ಐಟಿಐ ಫಿಟ್ಟರ್ ಮುಗಿಸಿ ಮನೆಯಲ್ಲಿ ಕೂತಿದ್ದಳು. ಅಶ್ವಥ ಎಸ್ಸೆಸ್ಸೆಲ್ಸಿಯೊಂದಿಗೆ ಜಗಳವಾಡಿಕೊಂಡು ಬಂದು, ಚನ್ನಪಟ್ಟಣದಲ್ಲಿ ಲಗೇಜ್ ಆಟೊ ಓಡಿಸಿಕೊಂಡು ಸುಖವಾಗಿದ್ದ.

“ಅಪ್ಪಾ, ಮನೆಗೊಂದು ಕೆಲ್ಸ ಅಂದವ್ರೆ. ಗಂಡಿಗೇ ಅಂತ ಅಂದಿಲ್ವಲ್ಲ,” ಎಂದಳು ಶ್ವೇತ.

“ನೀನು ನಾಳೆ ಇನ್ನೊಬ್ರ ಮನೆಗೋಗೋಳು. ಕೆಲ್ಸಾನೂ ಕಟ್ಕೊಂಡೋಯ್ತೀಯ. ಆಮೇಕೆ ನಾವು ಕಂಪ್ನಿ ಗೇಟ್ ನೋಡ್ಕಂಡು ಕೂರದಾ?”

“ಅಲ್ಲೀಗಂಟ ಸಂಬ್ಳ ತರೋಳ್ನ ನೋಡ್ಕಂಡು ಕೂರ್ಬೋದು.”

“ಹೊತ್ತು ಮುಳುಗಿದ್ಮೇಲೆ ಬಸ್ಸಿಳೀತೀಯ ಕಣವ್ವ. ಊರೋರು ಏನಂದಾರು?”

ಅವನ ಹೆದರಿಕೆ ಸುಳ್ಳಾಗಿರಲಿಲ್ಲ. ಅನ್ನುವ ಕೆಲಸವನ್ನು ಊರು ಎಂದೂ ಬಾಕಿ ಉಳಿಸಿಕೊಂಡದ್ದಿಲ್ಲ.

ಶಾಲೆಯ ಜಗುಲಿಯಲ್ಲಿ ಅಪ್ಪಂದಿರು ಒಬ್ಬೊಬ್ಬರಾಗಿ ಎದ್ದು ಮಗನ ಹೆಸರು ಹೇಳಿದರು. ಮಗನಿಲ್ಲದವನು ಅಳಿಯನ ಹೆಸರು ಹೇಳಿದ. ರಾಮಲಿಂಗಯ್ಯನ ಸರದಿ ಬಂತು.

“ನನ್ ಮಗ ಅಶ್ವಥ್.”

“ನಂಗ್ಯಾಕಪ್ಪ?” ಎಂದ ಅಶ್ವಥ. “ಸ್ಪ್ಯಾನರ್ ಯಾವ ಕಡೆ ಹಿಡೀಬೇಕು ಅಂತ್ಲೂ ಗೊತ್ತಿಲ್ಲ. ಅಕ್ಕನ್ನ ಬರ್ಸು.”

“ಸುಮ್ಕಿರ್ಲಾ. ಜಮೀನು ಕೊಟ್ಟೋನು ನಾನು.”

ಹಿಂದೆ ಹೆಂಗಸರ ನಡುವೆ ಕೂತಿದ್ದ ಅವನ ಹೆಂಡತಿ ಶಿವಲಿಂಗಮ್ಮ ಸೆರಗು ಸರಿಮಾಡಿಕೊಂಡು ಎದ್ದಳು.

“ಅದು ನಮ್ಮಪ್ಪ ನಂಗೆ ಅರಿಶಿನ-ಕುಂಕುಮಕ್ಕೆ ಅಂತ ಬರ್ಕೊಟ್ಟ ಹೊಲ. ಕಂಪ್ನಿಗೆ ಸೈನ್ ಹಾಕಿದ್ದೂ ನಾನೇಯ. ಬರ್ಕಳಿ ಸ್ವಾಮಿ, ಶ್ವೇತ, ಫಿಟ್ಟರ್.”

ತವರಿನವರು ಮಗಳಿಗೆ ಕೊಟ್ಟ ಹೊಲವನ್ನು ಊರು ಮೊದಲಿಂದಲೂ ‘ರಾಮಲಿಂಗಯ್ಯನ ಹೊಲ’ ಎಂದೇ ಕರೆಯುತ್ತಿತ್ತು. ಕೇಳಿ ಕೇಳಿ ರಾಮಲಿಂಗಯ್ಯನೂ ನಂಬಿಬಿಟ್ಟಿದ್ದ. ಅವನು ಬಾಯಿ ತೆರೆಯುವಷ್ಟರಲ್ಲಿ ನೆರೆಮನೆಯ ಸಿದ್ದಮ್ಮ ಮೇಲೆದ್ದಿದ್ದಳು.

“ಒಸಿ ತಡೀರಿ ಸ್ವಾಮಿ. ನಮ್ ಹೊಲಾನೂ ಅಂಗೇ ಬಂದಿದ್ದು. ನಮ್ಮೆಜಮಾನ್ರು ಬರ್ಸಿದ ಅಳಿಯನ ಹೆಸ್ರು ಹೊಡ್ದಾಕಿ, ನನ್ ಮಗಳು ನವ್ಯಶ್ರೀದು ಬರ್ಕಳಿ.”

ಅಪ್ಪಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಂಪನಿಯವನು ಬರೆದುಕೊಂಡ.

ರಾಮಲಿಂಗಯ್ಯ ಹೆಂಡತಿಯೊಂದಿಗೆ ಮಾತು ಬಿಟ್ಟ. ಊಟ ಬಿಡಲಿಲ್ಲ. ಊರು ಅನ್ನುವುದನ್ನೆಲ್ಲ ಅಂದು ಮುಗಿಸಿ, ತನ್ನ ಹೆಣ್ಣುಮಕ್ಕಳನ್ನು ಐಟಿಐಗೆ ಸೇರಿಸುವುದು ಹೇಗೆಂದು ಅವನನ್ನೇ ಕೇಳಲು ಬಂತು. ಕೇಳಿದವರಿಗೆಲ್ಲ ಅವನು ವಿವರವಾಗಿ ಹೇಳತೊಡಗಿದ.

ಕೆಲಸಕ್ಕೆ ಹೋಗುವ ಮೊದಲ ದಿನ ಶ್ವೇತ ಜಡೆ ಹೆಣೆದುಕೊಳ್ಳುತ್ತ ತಡಮಾಡಿದಳು. ಕಾರ್ಖಾನೆಯ ಬಸ್ಸು ಹಾರ್ನ್ ಹೊಡೆದು ಹೊರಡತೊಡಗಿತು. ರಾಮಲಿಂಗಯ್ಯ ಪಂಚೆ ಎತ್ತಿಕಟ್ಟಿ ಓಡಿಹೋಗಿ ಅಡ್ಡ ನಿಂತ.

“ಯಾರಿಗಯ್ಯ ಕಾಯೋದು?” ಡ್ರೈವರ್ ರೇಗಿದ.

“ಫಿಟ್ಟರ್ ಬತ್ತಾವ್ರೆ,” ಎಂದ ರಾಮಲಿಂಗಯ್ಯ, ಏದುಸಿರು ಬಿಡುತ್ತ. “ಒಸಿ ನಿಲ್ಸಪ್ಪ.”