ಸೆಪ್ಟೆಂಬರಿನ ಪರೀಕ್ಷೆ

“ನಿನ್ ಬುಲ್ಡೆ ಸೆಪ್ಟೆಂಬರ್‌ನಾಗೂ ಹಿಂಗೇ ಇತ್ತಲ್ಲಮ್ಮಿ,” ಎಂದ ಕೋಚ್ ಲೆನ್ನಾರ್ಟ್, ಅಂಕದ ಕಾಗದವನ್ನು ತೂವಾಳ ಮೂಗಿನ ಮುಂದೆ ಆಡಿಸುತ್ತ. “ಆವಾಗ್ಲೂ ದಡ್ಡಿ, ಈಗ್ಲೂ ದಡ್ಡಿ. ಇದ್ರಾಗೆ ಏಟೆಲ್ ಬಿತ್ತು?”

ತೂವಾ ಗೋಡೆ ಹಿಡಿದು ನಿಂತಿದ್ದಳು. ನಾಲ್ಕು ದಿನದ ಹಿಂದೆ, ಐಸ್ ಹಾಕಿ ಪಂದ್ಯದಲ್ಲಿ, ಎದುರು ತಂಡದವಳೊಬ್ಬಳು ಹಿಂದಿನಿಂದ ನುಗ್ಗಿ, ಇವಳ ತಲೆಯನ್ನು ಮಂಜಿನ ಅಂಗಳದ ಅಂಚಿನ ಹಲಗೆಗೆ ಬಡಿದಿದ್ದಳು. ಅಂದಿನಿಂದ ದೀಪ ನೋಡಿದರೆ ವಾಂತಿ. ಬೆಳಿಗ್ಗೆ ಹೊತ್ತು ದುಡಿಯುವ ವೃದ್ಧಾಶ್ರಮದಲ್ಲಿ, ಮೂರು ವರ್ಷದಿಂದ ತಾನೇ ಗಂಜಿ ಕುಡಿಸುವ ಮುದುಕಿಯ ಹೆಸರು ನಿನ್ನೆ ಬಾಯಿಗೆ ಬರಲಿಲ್ಲ. ಹೆದರಿ, ಬಚ್ಚಲಲ್ಲಿ ಕೂತು ಅತ್ತಿದ್ದಳು. ವಯಸ್ಸಿನ್ನೂ ಇಪ್ಪತ್ತೆರಡು.

ಐಸ್ ಹಾಕಿಯವರ ಪದ್ಧತಿ ಹೀಗೆ. ಸೆಪ್ಟೆಂಬರಿನಲ್ಲಿ, ಪಂದ್ಯಗಳು ಶುರುವಾಗುವ ಮುಂಚೆ, ಎಲ್ಲರನ್ನೂ ಕಂಪ್ಯೂಟರ್ ಮುಂದೆ ಕೂರಿಸಿ ನೆನಪು, ಚುರುಕು ಅಳೆಯುತ್ತಾರೆ. ತಲೆಗೆ ಪೆಟ್ಟು ಬಿದ್ದ ಮೇಲೆ ಇನ್ನೊಮ್ಮೆ ಅಳೆದು, ಅಂಕ ಇಳಿದಿದ್ದರೆ ಹೊರಗೆ ಕೂರಿಸುತ್ತಾರೆ. ಹಾಗೆ ಕೂತ ಹುಡುಗಿಗೆ ಮುಂದಿನ ವರ್ಷದ ಕರಾರು ಬಂದದ್ದನ್ನು ಯಾರೂ ಕಂಡಿಲ್ಲ. ಅದಕ್ಕೇ ಹಳಬರು ಹೊಸಬರಿಗೆ ಮೊದಲು ಹೇಳಿಕೊಡುವುದು ಸೆಪ್ಟೆಂಬರಿನಲ್ಲೇ ಅಂಕ ಕೆಡಿಸಿಕೊಳ್ಳುವ ವಿದ್ಯೆ. ತೂವಾಳಿಗೆ ಹೇಳಿಕೊಟ್ಟವಳು ನಾಯಕಿ ಮಲಿನ್. “ಬೇಕಂತ್ಲೇ ತಪ್ ಒತ್ತಮ್ಮಿ. ಈಗ್ಲೇ ದಡ್ಡಿ ಅನ್ನಿಸ್ಕೊಂಡ್ರೆ, ಏಟ್ ಬಿದ್ಮೇಲೆ ಯಾವನೂ ಆಚೆ ಕೂರ್ಸಾಕಿಲ್ಲ.” ತೂವಾ ನಗುನಗುತ್ತಲೇ ಒತ್ತಿದ್ದಳು. ಈಗಿನ ಅಂಕ ಆಗಿನದಕ್ಕೇ ಸರಿಹೊಂದಿ, ತಾನು ತೋಡಿದ ಗುಂಡಿಗೆ ತಾನೇ ಬಿದ್ದಳು.

“ಆವಾಗ ನಾನ್ ಸುಳ್ಳೇ ತಪ್ ಒತ್ತಿದ್ದೆ, ಡಾಕ್ಟ್ರಮ್ಮ.”

ಮೇಜಿನಾಚೆ ಕೂತಿದ್ದ ತಂಡದ ಡಾಕ್ಟರ್ ಗುನಿಲ್ಲಾ ಕನ್ನಡಕ ತೆಗೆದು ಒರೆಸತೊಡಗಿದಳು. ಆಕೆಗೆ ಗೊತ್ತಿತ್ತು. ಗೊತ್ತಿಲ್ಲದವರು ಯಾರಿದ್ದರು?

“ಹಂಗಂತ ಬರ್ಕೊಡು,” ಎಂದ ಲೆನ್ನಾರ್ಟ್. “ಕಳ್ಳಾಟ ಆಡ್ದೆ ಅಂತ ಕರಾರು ಇವತ್ತೇ ಹರ್ದಾಕ್ತೀನಿ. ನಿಮ್ಮವ್ವನ್ ಜೊತೆ ಕಾಗದದ ಕಾರ್ಖಾನೇಲಿ ಹೊರೆ ಹೊರೋಗು.”

“ಗಂಡಸ್ರ ತಂಡದೋನ್ಗೆ ತೊಡೆ ಉಳುಕ್ದಾಗ ಆರ್ ವಾರ ಮಲಗ್ಸುದ್ರಲ್ಲ?”

“ಅವನಾಟ ನೋಡಾಕೆ ನಾಕ್ ಸಾವ್ರ ಜನ ಬತ್ತಾರೆ. ನಿನ್ದ್ ನೋಡಾಕೆ ನಿಮ್ಮವ್ವ, ಇನ್ನೊಂದ್ ನಾಕ್ ನಾಯಿ. ಇವತ್ ಸೆಮಿಫೈನಲ್ಲು, ಸ್ಟಾಕ್‌ಹೋಮ್‌ನಿಂದ ಟೀವಿಯೋರ್ ಬಂದವ್ರೆ. ಡಿಫೆನ್ಸ್ ಆಡೋರಿಬ್ರು ಆಗ್ಲೇ ಕಾಲ್ ಮುರ್ಕಂಡ್ ಬಿದ್ದವ್ರೆ. ಬಾಯ್ ಮುಚ್ಕೊಂಡ್ ಬೂಟ್ ಕಟ್ಟು, ಬೇವರ್ಸಿ.”

ಡಾಕ್ಟರ್ ಆಡಬಹುದೆಂಬ ಕಾಗದಕ್ಕೆ ಸಹಿ ಹಾಕಿದಳು.

ಬಟ್ಟೆ ಬದಲಿಸುವ ಕೋಣೆಯಲ್ಲಿ ತೂವಾಳಿಗೆ ಬಗ್ಗಲಾಗಲಿಲ್ಲ. ಮಲಿನ್ ಮಂಡಿಯೂರಿ ಅವಳ ಬೂಟಿನ ದಾರ ಬಿಗಿದಳು.

“ಇವತ್ತೊಂದಿನ ತಡ್ಕೊ ಕಣೆ. ನಾನೂ ಮೂರ್ ಸಲ ಹಿಂಗೇ ಆಡಿವ್ನಿ.” ಇನ್ನೊಂದು ಬೂಟಿಗೆ ಕೈ ಹಾಕಿ ಮತ್ತೆ ಹೇಳಿದಳು: “ಇವತ್ತೊಂದಿನ ತಡ್ಕೊ ಕಣೆ. ನಾನೂ ಮೂರ್ ಸಲ ಹಿಂಗೇ ಆಡಿವ್ನಿ.”

“ಈಗಷ್ಟೇ ಹೇಳ್ದಲ್ಲಕ್ಕ.”

“ಹೇಳುದ್ನಾ?” ಮಲಿನ್ ಮುಖದಲ್ಲಿ ತಮಾಷೆಯ ಸುಳಿವೂ ಇರಲಿಲ್ಲ.

ಮಲಿನ್‌ಗೆ ಮೂವತ್ತೊಂದು ವರ್ಷ.

ಆಟ ಶುರುವಾಗಿ ಎರಡು ನಿಮಿಷಕ್ಕೆ ಲೆನ್ನಾರ್ಟ್ ಹಿಂದಿನಿಂದ ತೂವಾಳ ಹೆಗಲು ತಟ್ಟಿದ. ಅಂಗಳಕ್ಕೆ ಇಳಿ ಎಂದರ್ಥ. ಅವಳು ಶಿರಸ್ತ್ರಾಣ ಬಿಚ್ಚಿ ಕಾಲ ಬುಡದಲ್ಲಿಟ್ಟಳು.

“ಇಳಿಯಾಕಿಲ್ಲ.”

“ಇಳಿಯೇ, ನಿನ್ನವ್ನ್!”

ಅವಳು ಏಳಲಿಲ್ಲ. ಅಷ್ಟರಲ್ಲಿ ಆಚೆಯವರು, ಅವಳು ಕಾಯಬೇಕಿದ್ದು ಖಾಲಿ ಬಿದ್ದ ಮಗ್ಗುಲಲ್ಲಿ ನುಗ್ಗಿ ಗೋಲು ಹೊಡೆದರು. ಜನ ಸಿಳ್ಳೆ ಹಾಕಿ ಉಗಿದರು. ಕ್ಯಾಮೆರಾ ಬೆಂಚಿನತ್ತ ಹೊರಳಿತು. ಅವಳ ಕೊರಳಪಟ್ಟಿಗೆ ಕೈ ಹಾಕಿದ್ದ ಲೆನ್ನಾರ್ಟ್ ಕೈಬಿಟ್ಟು ಹಲ್ಲು ಕಿರಿದ. ಆಮೇಲೆ, ಆಗಷ್ಟೇ ಅಂಗಳದಿಂದ ಬಂದು ಕೂತು ಏದುಸಿರು ಬಿಡುತ್ತಿದ್ದ ಮಲಿನ್‌ಳ ಬೆನ್ನು ಗುದ್ದಿದ. “ನೀನೋಗು.”

ಮಲಿನ್ ತಕ್ಷಣ ಎದ್ದಳು. ಒಂದು ಕಾಲು ಹಲಗೆಯಾಚೆ ಹಾಕಿ, ಹಾಗೇ ನಿಂತು, ತೂವಾಳತ್ತ ಬಗ್ಗಿ ಮೆಲ್ಲಗೆ ಕೇಳಿದಳು.

“ನಮ್ ಗೋಲು ಯಾವ್ ಕಡೀಗಮ್ಮಿ?”

ತೂವಾ ಅವಳ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ಎಳೆದುಕೊಂಡಳು. ಇಬ್ಬರೂ ಬೆಂಚಿನ ಮೇಲೆ ಬಿದ್ದರು. ಲೆನ್ನಾರ್ಟ್ ಕ್ಯಾಮೆರಾ ಮರೆತು ತೂವಾಳ ಬೆರಳು ಬಿಡಿಸತೊಡಗಿದ. ಅವಳು ಬಿಡಲಿಲ್ಲ.