ಅಣ್ಣನ ಫೋನಲ್ಲಿ ವಿಪಿಎನ್ ಇದ್ದರೆ ತಂಗಿಗೆ ಸಾಕೇ?

ನನ್ನ ತಂಗಿ ಮಗುನ ಎತ್ಕೊಂಡು ನಮ್ಮನೆಗೆ ಬಂದು ನಲವತ್ತು ದಿನ ಆಗಿತ್ತು. ಗಂಡನ ಏಟು ತಾಳಲಾರದೆ ಉಟ್ಟ ಬಟ್ಟೇಲಿ ಬಂದವಳು. ನಾನು ಈಗ ಯಾವ ಊರಲ್ಲಿದೀನಿ ಅಂತ ಅವನಿಗೆ ಗೊತ್ತಿಲ್ಲ. ಗೊತ್ತಾಗಲೂಬಾರದು. ಅದಕ್ಕೇ ಅವಳು ಹೊರಡೋವಾಗಲೇ ಸಿಮ್ ಮುರಿದು ಎಸೆದಿದ್ದಳು. ಇಲ್ಲಿ ನನ್ನ ಫೋನಿನ ಹಾಟ್‌ಸ್ಪಾಟ್ ತಗೊಂಡು ಇಂಟರ್ನೆಟ್ ನೋಡ್ತಿದ್ದಳು.

ನಾನು ವೈರಿಂಗ್ ಕೆಲಸದವನು. ಬಾಯಿ ಸ್ವಲ್ಪ ಜಾಸ್ತಿ. "ಹೆದರ್ಬೇಡ ಕಣೇ, ನನ್ನ ಫೋನಿಗೆ ವಿಪಿಎನ್ ಹಾಕಿದೀನಿ. ನಾವು ಯಾವ ಊರಿಂದ ನೋಡ್ತಿದೀವಿ ಅಂತ ನರಪಿಳ್ಳೆಗೂ ತಿಳಿಯಲ್ಲ" ಅಂತ ಜಂಬ ಕೊಚ್ಚಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಅವಳಿಗೆ ಗಂಡನ ಇ-ಮೇಲ್ ಬಂತು. "ಪುಟ್ಟಿ ಹುಟ್ಟಿದಾಗಿನ ಫೋಟೋ ಎಲ್ಲಾ ಹಾಕಿದೀನಿ. ಈ ಲಿಂಕ್ ಒತ್ತಿ ನೋಡು." ಆ ಫೋಟೋಗಳೆಲ್ಲ ಅವನ ಕಂಪ್ಯೂಟರಲ್ಲೇ ಉಳಿದಿದ್ದವು. ತಂಗಿ ಕಣ್ಣಲ್ಲಿ ನೀರು.

"ನೋಡ್ಲಾ ಅಣ್ಣ?"

"ನೋಡು, ಅದಕ್ಕೇನಂತೆ!" ಅಂದೆ. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ನೆ ಹೇಳ್ತಾರಾ?

ಪುಣ್ಯಕ್ಕೆ ಮಹಡಿ ಮನೆ ಅಕ್ಕ ಅಲ್ಲೇ ಕೂತಿದ್ರು. ಲೈಬ್ರರೀಲಿ ಕಂಪ್ಯೂಟರ್ ಕಲಿಸೋರು. "ತಡಿಯಮ್ಮ, ಒತ್ಬೇಡ!" ಅಂದ್ರು. "ಒತ್ತಿದೋರ ಐಪಿ ವಿಳಾಸ ಆ ಲಿಂಕ್ ಕಳಿಸಿದವನಿಗೆ ಸಿಗಬಹುದು. ಇಂಟರ್ನೆಟ್ಟಲ್ಲಿ ನಮಗಿರೋ ನಂಬರ್ ಅದು. ಮನೆ ಬಾಗಿಲು ತೋರಿಸಲ್ಲ, ಆದ್ರೆ ಊರು ತೋರಿಸಬಹುದು."

"ಅಕ್ಕಾ, ವಿಪಿಎನ್ ಇದೆಯಲ್ಲ! ಫೋನಿನ ಮೇಲ್ತುದೀಲಿ ಅದರ ಚಿಹ್ನೆ ಇದೆ, ನೋಡಿ ಇಲ್ಲಿ."

"ಅದು ಕೆಲಸ ಮಾಡ್ತಿದೆಯಾ ಅಂತ ನೋಡಿದೀಯಾ?"

"ಚಿಹ್ನೆ ಇದೆ ಅಂದ್ರೆ ಮಾಡ್ತಿದೆ ಅಂತ ತಾನೆ?"

"ಸ್ವಿಚ್ ಆಫ್ ಇದೆ ಅಂತ ಟೆಸ್ಟರ್ ಇಡದೇ ವೈರ್ ಮುಟ್ತೀಯೇನಪ್ಪಾ?"

ನಾನು ಫೋನ್ ಕೈಗೆ ತಗೊಂಡೆ.

ಅಕ್ಕ ಹೇಳಿಕೊಟ್ಟ ಹಾಗೆ ಮೊದಲು ವಿಪಿಎನ್ ಆಫ್ ಮಾಡ್ದೆ. "ನನ್ನ ಐಪಿ ವಿಳಾಸ ಯಾವುದು" ಅಂತ ಹುಡುಕಿದೆ. ಒಂದು ನಂಬರ್ ಬಂತು, ಕೆಳಗೆ ನಮ್ಮೂರ ಹೆಸರು. ಬರೆದಿಟ್ಕೊಂಡೆ. ಆಮೇಲೆ ವಿಪಿಎನ್ ಆನ್ ಮಾಡಿ ಮತ್ತೆ ನೋಡ್ದೆ. ನಂಬರ್ ಬೇರೆ, ಊರೂ ಬೇರೆ. ಯಾವುದೋ ದೂರದ ದೇಶ.

"ನೋಡಿದ್ರಾ!" ಅಂತ ಮೀಸೆ ತಿರುವಿದೆ.

"ಈಗ ಅವಳ ಫೋನಲ್ಲಿ ನೋಡು" ಅಂದ್ರು ಅಕ್ಕ.

ತಂಗಿ ಫೋನಲ್ಲಿ ನೋಡ್ದೆ. ಬರೆದಿಟ್ಟ ಅದೇ ನಂಬರ್. ನಮ್ಮೂರ ಹೆಸರು.

"ಹಾಟ್‌ಸ್ಪಾಟಲ್ಲಿ ಇಂಟರ್ನೆಟ್ ಹೋಗುತ್ತೆ, ಸಾಮಾನ್ಯವಾಗಿ ವಿಪಿಎನ್ ಹೋಗಲ್ಲ" ಅಂದ್ರು ಅಕ್ಕ. "ಗಾಡಿ ಓಡಿಸೋನು ಹೆಲ್ಮೆಟ್ ಹಾಕ್ಕೊಂಡ್ರೆ ಹಿಂದೆ ಕೂತೋರ ತಲೆ ಉಳಿಯುತ್ತಾ?"

"ನಲವತ್ತು ದಿನದಿಂದ ಹೀಗೇನಾ ಅಣ್ಣ?" ಅಂದಳು ತಂಗಿ. ನನಗೆ ಅವಳ ಮುಖ ನೋಡೋಕಾಗ್ಲಿಲ್ಲ. ಇನ್ನೊಂದು ಗಳಿಗೆ ಆಗಿದ್ರೆ ನನ್ನ ಕೈಯಾರೆ ಅವಳನ್ನ ಅವನಿಗೆ ಹಿಡಿದುಕೊಡ್ತಿದ್ದೆ.

ಅಕ್ಕ ಅವಳ ಬೆನ್ನು ಸವರಿದ್ರು. "ಅವನು ಕಳಿಸಿದ್ದು ಬೇರೇನಾದ್ರೂ ಒತ್ತಿದ್ಯಾ?"

"ಇಲ್ಲಕ್ಕ, ಇದೇ ಮೊದಲು."

"ನಿನ್ನ ಇ-ಮೇಲ್ ಪಾಸ್‌ವರ್ಡ್ ಅವನಿಗೆ ಗೊತ್ತಾ? ಗೊತ್ತಿದ್ರೆ ಯಾವ ವಿಪಿಎನ್ನೂ ಕಾಯಲ್ಲ."

"ಮನೆ ಬಿಡೋ ದಿನಾನೇ ಬದಲಾಯಿಸಿದೆ. ಅಷ್ಟು ಬುದ್ಧಿ ಇದೆ ನನಗೆ."

"ನಿನ್ನ ಅಣ್ಣನಿಗಿಂತ ವಾಸಿ ಬಿಡು" ಅಂದ್ರು ಅಕ್ಕ. ಮೂವರಿಗೂ ನಗು ಬಂತು. ತಂಗಿ ನಕ್ಕು ಎಷ್ಟು ದಿನ ಆಗಿತ್ತೋ!

ಅವತ್ತೇ ಅವಳ ಫೋನಿಗೇ ವಿಪಿಎನ್ ಹಾಕಿದ್ವಿ. ಬಿಟ್ಟಿ ಸಿಕ್ಕಿತು ಅಂತ ಯಾವುದೋ ಒಂದನ್ನ ಅಲ್ಲ, ಯಾರು ನಡೆಸೋದು, ನಮ್ಮ ಮಾಹಿತಿ ಏನು ಮಾಡ್ತಾರೆ ಅಂತ ಓದಿ ನೋಡಿ ಆರಿಸಿದ್ವಿ. ವಿಪಿಎನ್ ನಿಂತ್ರೆ ಇಂಟರ್ನೆಟ್ಟೂ ನಿಲ್ಲೋ ಸೆಟ್ಟಿಂಗ್ ಆನ್ ಮಾಡಿದ್ವಿ. ಲೊಕೇಶನ್ ಆಫ್ ಮಾಡಿದ್ವಿ. ಆಮೇಲೆ ಮತ್ತೆ ಪರೀಕ್ಷೆ. ಈ ಸಲ ನಂಬರ್ ಬದಲಾಯ್ತು. "ಡಿಎನ್‌ಎಸ್ ಲೀಕ್ ಟೆಸ್ಟ್ ಅಂತ ಇನ್ನೊಂದಿದೆ, ಅದನ್ನೂ ಮಾಡು. ನಾವು ಯಾವ ಸೈಟ್ ಕೇಳ್ತೀವಿ ಅನ್ನೋದು ವಿಪಿಎನ್ ತಪ್ಪಿಸಿ ಹೊರಗೆ ಸೋರ್ತಿದೆಯಾ ಅಂತ ಅದು ಹೇಳುತ್ತೆ. ಅದರಲ್ಲಿ ನಿಮ್ಮ ಇಂಟರ್ನೆಟ್ ಕಂಪನಿ ಹೆಸರು ಬರಬಾರದು" ಅಂದ್ರು ಅಕ್ಕ. ಬರಲಿಲ್ಲ.

"ಈಗ ಫೋಟೋ ನೋಡ್ಲಾ ಅಕ್ಕ?"

"ಬೇಡಮ್ಮ. ಆ ಲಿಂಕಲ್ಲಿ ಇನ್ನೇನಿದೆಯೋ ಯಾರಿಗೆ ಗೊತ್ತು? ವಿಪಿಎನ್ ಎಲ್ಲಕ್ಕೂ ಮದ್ದಲ್ಲ. ಮೇಲ್ ಅಳಿಸ್ಬೇಡ, ವಕೀಲರಿಗೆ ತೋರಿಸೋಣ."

ತಂಗಿ ಫೋನ್ ಕೆಳಗಿಟ್ಟು ಮಗುನ ತೊಡೆ ಮೇಲೆ ಎಳ್ಕೊಂಡಳು. "ಫೋಟೋ ಹೋದ್ರೆ ಹೋಗ್ಲಿ ಅಣ್ಣ. ಇವಳು ನನ್ನ ಹತ್ರ ಇದಾಳಲ್ಲ" ಅಂದಳು. ನಾನು ಅತ್ತುಬಿಟ್ಟೆ, ನಾಚಿಕೆ ಏನಿಲ್ಲ.

ಅಣ್ಣಂದಿರೇ, ಅಕ್ಕಂದಿರೇ, ಚಿಹ್ನೆ ನೋಡಿ ನಂಬಬೇಡಿ. ಇದನ್ನ ಓದಿ ಕೆಳಗಿಡೋ ಮುಂಚೆ ಮನೇಲಿರೋ ಒಂದೊಂದು ಫೋನಲ್ಲೂ ವಿಪಿಎನ್ ಆಫ್ ಮಾಡಿ ನಂಬರ್ ನೋಡಿ, ಆನ್ ಮಾಡಿ ನೋಡಿ. ಬದಲಾಗ್ಲಿಲ್ಲ ಅಂದ್ರೆ ಅದು ನಿಮ್ಮನ್ನ ಕಾಯ್ತಿಲ್ಲ. ನಮ್ಮನೇಲಿ ಅವತ್ತು ಅಕ್ಕ ಇದ್ರು. ನಿಮ್ಮ ತಂಗಿ ಲಿಂಕ್ ಒತ್ತೋ ಹೊತ್ತಿಗೆ ಪಕ್ಕದಲ್ಲಿ ಯಾರೂ ಇಲ್ಲದೇ ಇರಬಹುದು.