ಕವರಿನ ಮೇಲೆ ಅಣ್ಣಮ್ಮ

ಪಿಳ್ಳಪ್ಪ ಗೋಡೆಯ ಮೇಲಿದ್ದ ಚಿತ್ರವನ್ನು ಇಳಿಸಿ, ಗಾಜಿನ ಕಟ್ಟು ಬಿಚ್ಚಿ, ಕತ್ತರಿ ಕೈಗೆತ್ತಿಕೊಂಡ. ನಡುಮನೆಯಲ್ಲಿ ಅವನ ತಮ್ಮ ಯಲ್ಲಯ್ಯನನ್ನು ಮಲಗಿಸಿದ್ದರು. ಹೊರಗೆ ಚಟ್ಟ ಕಟ್ಟುತ್ತಿದ್ದರು. ತಾನೇ ಹಾಡು ಕಟ್ಟಿ ತಾನೇ ಹಾಡಿ ಪುಟ್ಟೇನಹಳ್ಳಿಗೆಲ್ಲ ಹೆಸರಾಗಿದ್ದವನ ತಲೆದೆಸೆಗೆ ಇಡಲು ಅವನೊಬ್ಬನೇ ಇರುವ ಫೋಟೋ ಮನೆಯಲ್ಲಿ ಒಂದೂ ಸಿಕ್ಕಿರಲಿಲ್ಲ.

"ಕತ್ತರಿ ಯಾಕೆ ಭಾವ?" ಎಂದಳು ಯಲ್ಲಯ್ಯನ ಹೆಂಡತಿ ಅಣ್ಣಮ್ಮ.

"ಅವನಿರೋ ಕಡೆ ಮಾತ್ರ ಕತ್ತರಿಸ್ಕೊತೀನಮ್ಮ. ಪಕ್ಕದಲ್ಲಿ ನೀನಿದೀಯ. ಬದುಕಿರೋರ ಚಿತ್ರಕ್ಕೆ ಹಾರ ಹಾಕಬಾರ್ದು, ಕೇಡು."

"ಅದರೊಳಗೆ ಬರೋಕೆ ನನಗೆ ಹನ್ನೆರಡು ವರ್ಷ ಹಿಡೀತು. ಒಂದೇ ಏಟಿಗೆ ಆಚೆ ಹಾಕ್ತೀರಾ?"

"ಹಂಗಾದ್ರೆ ಮೊದಲನೇ ರೆಕಾರ್ಡ್ ಕವರ್ ಇಡೋಣ. ಅದ್ರಲ್ಲಿ ಒಬ್ಬನೇ ಇದಾನಲ್ಲ."

ಅದನ್ನು ತಂದಿಟ್ಟರು. ಪಕ್ಕದ ಮನೆಯ ಮುನಿಯಕ್ಕ ಅಳು ನಿಲ್ಲಿಸಿ ಬಗ್ಗಿ ನೋಡಿದಳು. "ಇದ್ಯಾರು, ಪೊಲೀಸ್ನೋರಾ?"

ಮೀಸೆಯೇ ಇಲ್ಲದ ಯಲ್ಲಯ್ಯನಿಗೆ ಅಲ್ಲಿ ಹುರಿಮೀಸೆ. ಸಾವಿನ ಮನೆಯಲ್ಲೂ ನಾಲ್ಕು ಜನ ನಕ್ಕರು. ಅಣ್ಣಮ್ಮನೂ ನಕ್ಕು, ಸೆರಗಿನಿಂದ ಕಣ್ಣೊರೆಸಿಕೊಂಡಳು.

* * *

ಎಪ್ಪತ್ತನಾಲ್ಕರಲ್ಲಿ ಆ ಕವರ್ ಬರೆದವನು ಜಯನಗರದ ಬೋರ್ಡ್ ಪೇಂಟರ್ ವೆಂಕಟಾಚಲ. ಮೀಸೆ ಕಂಪನಿಯವರ ಆಸೆ. ಯಲ್ಲಯ್ಯ ಅದಕ್ಕೆ ಏನೂ ಅನ್ನಲಿಲ್ಲ. ಕೇಳಿದ್ದು ಇಷ್ಟೇ: "ತಾಳ ಹಾಕಿ ದನಿಗೂಡಿಸಿದ ಅಣ್ಣಮ್ಮ ಎಲ್ಲಿ?"

"ಕವರಿಗೆ ಒಂದೇ ಮುಖ ಸಾಕಂತೆ ಅಣ್ಣ."

"ಮುಖ ಬೇಡ ಬಿಡು. ಮುಂದಿನ ಸಲ ಕೈ ಬರಿ."

ಯಲ್ಲಯ್ಯ ಜಗಳಕ್ಕೆ ನಿಲ್ಲುವವನಲ್ಲ, ಬಿಡುವವನೂ ಅಲ್ಲ. ಎರಡನೆಯ ರೆಕಾರ್ಡಿನ ಕವರಿನ ಅಂಚಿನಲ್ಲಿ ಬಳೆ ತೊಟ್ಟ ಕೈಯೊಂದು ತಾಳ ಹಿಡಿದು ಬಂತು. ಆಮೇಲೆ ಕ್ಯಾಸೆಟ್ಟಿನ ಕಾಲ. ಕವರ್ ಅಂಗೈಯಷ್ಟಾಯಿತು, ಮೀಸೆ ಸಣ್ಣದಾಗುತ್ತಾ ಹೋಯಿತು, ಅಣ್ಣಮ್ಮ ಮಾತ್ರ ಬೆಳೆದಳು.

"ಈ ಸಲ ಎಲ್ಲೀತನಕ ಬಂದಿದೀನಿ?" ಎಂದು ಅವಳು ಒಲೆಯ ಮುಂದಿನಿಂದಲೇ ಕೇಳುವಳು.

"ಭುಜದ ತನಕ ಕಣೆ. ಇನ್ನೇನು, ಕುತ್ತಿಗೆ."

ಎಂಬತ್ತಾರರಲ್ಲಿ ಮುಖ ಬಂತು. ಕೆರೆ ಏರಿಯ ಮೇಲೆ ಇಬ್ಬರೂ ಕೂತಿದ್ದರು. ಅವನಿಗೆ ಮೀಸೆಯಿಲ್ಲ, ಅವಳ ಕೈಯಲ್ಲಿ ತಾಳ, ಬಾಯಿ ಹಾಡಿಗೆ ತೆರೆದಿತ್ತು. ಅಂದು ಯಲ್ಲಯ್ಯ ಬೀದಿಗೆಲ್ಲ ಮೈಸೂರುಪಾಕು ಹಂಚಿದ. ವೆಂಕಟಾಚಲ ಗೋಡೆಗೆ ತೂಗಲೆಂದು ಮೂಲ ಚಿತ್ರಕ್ಕೇ ಕಟ್ಟು ಹಾಕಿಸಿ ಕೊಟ್ಟ.

* * *

ಸುದ್ದಿ ಕೇಳಿ ಓಡಿಬಂದ ವೆಂಕಟಾಚಲ ಪಿಳ್ಳಪ್ಪನ ಕೈಯ ಕತ್ತರಿ ನೋಡಿ ಗಾಬರಿಯಾದ.

"ಅಕ್ಕ, ಅಣ್ಣನ್ನ ಒಬ್ಬರನ್ನೇ ಬರೆದುಕೊಡ್ತೀನಿ. ಒಂದು ಗಂಟೆ ಟೈಮ್ ಕೊಡಿ."

"ಬೇಡಪ್ಪ. ಒಬ್ಬರೇ ಕೂತು ಅವರು ಯಾವತ್ತು ಹಾಡಿದ್ರು?"

"ಶಾಸ್ತ್ರ ಅಂತ ಒಂದಿದೆಯಲ್ಲಮ್ಮ" ಎಂದ ಪಿಳ್ಳಪ್ಪ. ಅವನ ದನಿಯೂ ಮೆತ್ತಗಾಗಿತ್ತು.

ಅಣ್ಣಮ್ಮ ಸೇವಂತಿಗೆ ಹಾರವನ್ನು ಎತ್ತಿಕೊಂಡಳು. ನಡುವೆ ದಾರ ಕಡಿದು ಎರಡು ಮಾಡಿದಳು. ಒಂದು ತುಂಡನ್ನು ಗಂಡನ ಎದೆಯ ಮೇಲಿಟ್ಟಳು. ಚಿತ್ರವನ್ನು ಮತ್ತೆ ಕಟ್ಟಿನೊಳಗೆ ಸೇರಿಸಿ ತಲೆದೆಸೆಗೆ ಒರಗಿಸಿ, ಇನ್ನೊಂದನ್ನು ಅದರಲ್ಲಿ ಅವನಿರುವ ಕಡೆಗೆ ಮಾತ್ರ ಇಳಿಬಿಟ್ಟಳು. "ಈಗ ಸರಿಯಾ ಭಾವ?"

ಪಿಳ್ಳಪ್ಪ ಕತ್ತರಿಯನ್ನು ಗೂಡಿನಲ್ಲಿಟ್ಟ.

ಭಜನೆಯವರು ಬಂದು ಕೂತರು. ಯಲ್ಲಯ್ಯನದೇ ಒಂದು ಹಾಡು ಶುರುವಾಯಿತು. ಅಣ್ಣಮ್ಮ ತಾಳ ಕೈಗೆ ತೆಗೆದುಕೊಂಡು ತಲೆದೆಸೆಯಲ್ಲಿ ಕೂತಳು. ಅವಳ ಹಿಂದೆ ಅರ್ಧ ಹಾರ ಗಾಳಿಗೆ ತೂಗುತ್ತಿತ್ತು. ಅದರ ತುದಿ ಚಿತ್ರದ ತಾಳದವರೆಗೆ ಬಂದು, ಮುಟ್ಟದೆ ಹಿಂದಕ್ಕೆ ಹೋಗುತ್ತಿತ್ತು.